ಕೀಮೋಗಿಂತ ಮೊದಲು ರಿಪೋರ್ಟ್ ಸರಿಯಾಗಲಿ: ಆರೋಗ್ಯ ಸಚಿವರಿಗೆ ವಿಜಯಪುರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರೇ,

ನಮಸ್ಕಾರ. ನಾನು ವಿಜಯಪುರದ ಒಂದು ಪ್ಯಾಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಪರೇಷನ್ ಮಾಡಿ ತೆಗೆದ ಗಂಟು, ಬಯಾಪ್ಸಿಯ ತುಣುಕು ಎಲ್ಲವೂ ನಮ್ಮ ಮೇಜಿಗೆ ಬರುತ್ತವೆ. ಅದನ್ನು ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತೇವೆ. ಬ್ಲಾಕಿನಿಂದ ಮೂರು-ನಾಲ್ಕು ಮೈಕ್ರಾನ್ ದಪ್ಪದ ಪದರ ಕತ್ತರಿಸಿ, ಗಾಜಿನ ಮೇಲೆ ಹಿಡಿದು, ಬಣ್ಣ ಹಾಕಿ ಡಾಕ್ಟರ ಮುಂದೆ ಇಡುತ್ತೇವೆ. ರೋಗಿಗೆ ಯಾವ ಔಷಧಿ ಎಂಬುದು ಅಲ್ಲಿಂದ ತೀರ್ಮಾನ ಆಗುತ್ತದೆ.

2025ರಲ್ಲಿ ನಿಮ್ಮ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ಶುರು ಮಾಡಿತು. ನಮ್ಮ ಕಡೆಯ ಜನಕ್ಕೆ ಇದು ಎಷ್ಟು ದೊಡ್ಡ ವಿಷಯ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಪೂರ್ತಿ ಗೊತ್ತಾಗಲಿಕ್ಕಿಲ್ಲ. ಇಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು ಅಂದರೆ ಒಂದು ರಾತ್ರಿ ಪೂರ್ತಿ ರೈಲಿನಲ್ಲಿ ಕೂರಬೇಕು. ಕೀಮೋ ಹಾಕಿಸಿಕೊಂಡ ಮೈಯಲ್ಲಿ ವಾಪಸ್ ಬರುವುದು ಇನ್ನೂ ಕಷ್ಟ. ಹಾಗಾಗಿ ಕೇಂದ್ರಗಳನ್ನು ತೆರೆದದ್ದಕ್ಕೆ ಮನಸ್ಸು ತುಂಬಿ ಧನ್ಯವಾದ ಹೇಳುತ್ತೇನೆ.

ಆದರೆ ಆ ಡ್ರಿಪ್‌ನಲ್ಲಿ ಯಾವ ಔಷಧಿ ಇಳಿಯಬೇಕು ಎಂದು ಹೇಳುವ ಪರೀಕ್ಷೆ ಇನ್ನೂ ಜಿಲ್ಲೆಗೆ ಸರಿಯಾಗಿ ಬಂದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕ್ಯಾನ್ಸರ್ ಅಂದರೆ ಒಂದೇ ರೋಗ ಅಲ್ಲ. ಇಬ್ಬರು ಹೆಂಗಸರಿಗೆ ಒಂದೇ ಅಳತೆಯ ಸ್ತನದ ಗಂಟು ಇರಬಹುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಒಂದೇ ತರ ಕಾಣಬಹುದು. ಒಬ್ಬರಿಗೆ ನಾಟಿದ ಔಷಧಿ ಇನ್ನೊಬ್ಬರಿಗೆ ನಾಟುವುದಿಲ್ಲ. ಯಾಕೆಂದರೆ ಆ ಗಂಟಿನ ಜೀವಕೋಶಗಳ ಒಳಗೆ ಯಾವ ಜೀನ್‌ಗಳು ಜೋರಾಗಿ ಕೆಲಸ ಮಾಡುತ್ತಿವೆ, ಯಾವುವು ಸುಮ್ಮನಿವೆ ಎಂಬುದು ಬೇರೆ ಬೇರೆ. ನಮ್ಮ ರೈತರ ಮನೆಯಲ್ಲಿ ಜೋಳ, ಕಡಲೆ, ಗೋದಿ, ಕುಸುಬೆ ಎಲ್ಲದರ ಬೀಜವೂ ಇರುತ್ತದೆ. ಈ ಹಿಂಗಾರಿಗೆ ಯಾವುದನ್ನು ಬಿತ್ತಿದ್ದಾರೆ, ಎಷ್ಟು ಎಕರೆಗೆ ಬಿತ್ತಿದ್ದಾರೆ ಎಂದು ತಿಳಿಯಬೇಕಾದರೆ ಹೊಲಕ್ಕೇ ಹೋಗಿ ನೋಡಬೇಕು, ಅಲ್ವಾ? ಜೀನ್ ಎಕ್ಸ್‌ಪ್ರೆಶನ್ ಅಳೆಯುವುದು ಎಂದರೆ ಹಾಗೆ ಹೊಲಕ್ಕೆ ಹೋಗಿ ನೋಡುವುದು. ಕೆಲಸ ಮಾಡುತ್ತಿರುವ ಜೀನ್ ತನ್ನ ಆರ್‌ಎನ್‌ಎ ಪ್ರತಿ ತೆಗೆಯುತ್ತದೆ. ಅದರಿಂದ ಪ್ರೋಟೀನ್ ಆಗುತ್ತದೆ. ಆರ್‌ಎನ್‌ಎ ಎಷ್ಟಿದೆ, ಅಥವಾ ಪ್ರೋಟೀನ್ ಎಷ್ಟಿದೆ ಎಂದು ಅಳೆಯುತ್ತೇವೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ರೋಗಿಯ ಮಗಳು ಬಂದು ‘ನನಗೂ ಬರ್ತದೇನ್ರಿ’ ಎಂದು ಕೇಳುತ್ತಾಳೆ. ಅದು ಹುಟ್ಟಿನಿಂದ ಬಂದ ಬಿಆರ್‌ಸಿಎ ತರಹದ ಜೀನ್ ದೋಷದ ಪರೀಕ್ಷೆಯ ವಿಷಯ. ಅದನ್ನು ಸಾಮಾನ್ಯವಾಗಿ ರಕ್ತದಲ್ಲಿ ನೋಡುತ್ತಾರೆ. ನಾನು ಈ ಪತ್ರದಲ್ಲಿ ಹೇಳುತ್ತಿರುವುದು ಗಂಟಿನ ಒಳಗಿನ ಲೆಕ್ಕ. ಎರಡನ್ನೂ ‘ಜೀನ್ ಟೆಸ್ಟ್’ ಎಂಬ ಒಂದೇ ಹೆಸರಿನಲ್ಲಿ ಜಾಹೀರಾತು ಮಾಡುವವರಿದ್ದಾರೆ. ಜನ ಮೋಸ ಹೋಗದಂತೆ ಇಲಾಖೆ ಎಚ್ಚರ ವಹಿಸಲಿ.

ಸ್ತನ ಕ್ಯಾನ್ಸರ್‌ನಲ್ಲಿ ಮೂರು ಹೆಸರು ಎಲ್ಲರೂ ತಿಳಿದಿರಬೇಕು: ಇಆರ್, ಪಿಆರ್, ಹರ್‌2. ಮೊದಲ ಎರಡು ಹಾರ್ಮೋನಿನ ರಿಸೆಪ್ಟರ್‌ಗಳು, ಅಂದರೆ ಹಾರ್ಮೋನನ್ನು ಹಿಡಿಯುವ ಪ್ರೋಟೀನ್‌ಗಳು. ಹರ್‌2 ಅಂದರೆ ಜೀವಕೋಶಕ್ಕೆ ಬೆಳೆ ಎಂದು ಹೇಳುವ ಪ್ರೋಟೀನ್. ಇಆರ್ ಪಾಸಿಟಿವ್ ಬಂದರೆ ಟ್ಯಾಮಾಕ್ಸಿಫೆನ್‌ನಂತಹ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆ. ದಿನಕ್ಕೆ ಒಮ್ಮೆ, ಐದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ. ಹರ್‌2 ಜಾಸ್ತಿ ಇದ್ದರೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ. 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ ಇದಕ್ಕೆ ಸಮನಾದ ಔಷಧಿಯನ್ನು ಮಾರುಕಟ್ಟೆಗೆ ತಂದಿತು. ಸ್ತನ ಕ್ಯಾನ್ಸರ್ ಆದವರಲ್ಲಿ ಶೇಕಡಾ 15ರಿಂದ 20 ಜನರಿಗೆ ಹರ್‌2 ಪಾಸಿಟಿವ್ ಇರುತ್ತದೆ. ಅವರಿಗೆ ಈ ಇಂಜೆಕ್ಷನ್ ಜೀವ ಉಳಿಸುವಂಥದ್ದು. ಹರ್‌2 ಇಲ್ಲದವರಿಗೆ ಕೊಟ್ಟರೆ ಲಾಭ ಇಲ್ಲ. ಸುಮ್ನೆ ಹೃದಯಕ್ಕೆ ತೊಂದರೆಯ ಭಯ, ಜೊತೆಗೆ ಖರ್ಚು.

ಅಂದರೆ ಸರ್, ಒಂದು ರಿಪೋರ್ಟಿನಲ್ಲಿ ಪಾಸಿಟಿವ್ ಬದಲು ನೆಗೆಟಿವ್ ಎಂದು ಬಂದರೆ ಒಬ್ಬ ತಾಯಿಗೆ ಸಿಗಬೇಕಾದ ಮಾತ್ರೆ ಐದು ವರ್ಷ ಸಿಗುವುದಿಲ್ಲ. ಆಕೆಗೆ ಅದು ಗೊತ್ತೂ ಆಗುವುದಿಲ್ಲ.

ರಿಪೋರ್ಟ್ ಯಾಕೆ ತಪ್ಪುತ್ತದೆ? ಮಷಿನ್ ಹಳೆಯದು, ಡಾಕ್ಟರು ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಅದೂ ನಿಜ ಇರಬಹುದು. ಆದರೆ ನನ್ನ ಮೇಜಿನಿಂದ ಕಾಣುವ ಕಾರಣ ಬೇರೆ. ತಪ್ಪು ಶುರುವಾಗುವುದು ಗಂಟನ್ನು ಹೊರಗೆ ತೆಗೆದ ಮೊದಲ ಗಂಟೆಯಲ್ಲಿ.

ಮೈಯಿಂದ ಬೇರೆಯಾದ ತಕ್ಷಣ ಆ ತುಣುಕಿಗೆ ರಕ್ತ ಇಲ್ಲ. ಅದರ ಆರ್‌ಎನ್‌ಎ ಒಡೆಯತೊಡಗುತ್ತದೆ. ಪ್ರೋಟೀನ್ ಕೆಡತೊಡಗುತ್ತದೆ. ಇದನ್ನು ನಿಲ್ಲಿಸುವುದು ಫಾರ್ಮಲಿನ್. ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿದೆ: ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, ಅದರಲ್ಲಿ ಕಡಿಮೆ ಅಂದರೆ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಫಾರ್ಮಲಿನ್ ಅಂದರೆ ಅಂಗಡಿಯಿಂದ ತಂದ ಗಟ್ಟಿ ದ್ರಾವಣವೂ ಅಲ್ಲ. ಒಂದು ಭಾಗ ಅದು, ಒಂಬತ್ತು ಭಾಗ ನೀರು, ಜೊತೆಗೆ ಆಮ್ಲವಾಗದಂತೆ ತಡೆಯುವ ಫಾಸ್ಫೇಟ್ ಉಪ್ಪು. ಉಪ್ಪು ಹಾಕದಿದ್ದರೆ ಕ್ರಮೇಣ ಆಮ್ಲವಾಗಿ, ನಾವು ಅಳೆಯಬೇಕಾದ ಆರ್‌ಎನ್‌ಎಯನ್ನೇ ಹಾಳು ಮಾಡುತ್ತದೆ. ತುಣುಕಿನ ಹತ್ತು ಪಟ್ಟು ದ್ರಾವಣ ಇರಬೇಕು.

ನಮಗೆ ಬರುವುದು ಹೇಗೆ? ಕೆಲವು ಕಡೆಯಿಂದ ಬಹಳ ಚೆನ್ನಾಗಿ ಬರುತ್ತದೆ, ಅವರಿಗೆ ಕೈಮುಗಿಯಬೇಕು. ಕೆಲವು ಸಲ ಗಂಟು ಸಲೈನಿನಲ್ಲಿ ತೇಲುತ್ತಾ ಬರುತ್ತದೆ. ಕೆಲವು ಸಲ ಬಾಯಿ ಸಣ್ಣ ಇರುವ ಔಷಧಿ ಬಾಟಲಿಯಲ್ಲಿ ತುರುಕಿರುತ್ತಾರೆ, ತೆಗೆಯಲು ಬಾಟಲಿಯನ್ನೇ ಕತ್ತರಿಸಬೇಕು. ದೊಡ್ಡ ಸ್ತನದ ಭಾಗವನ್ನು ಇಡಿಯಾಗಿ ಡಬ್ಬಿಯಲ್ಲಿ ಮುಳುಗಿಸಿ ಕಳಿಸುತ್ತಾರೆ. ಫಾರ್ಮಲಿನ್ ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಒಳಗಿಳಿಯುತ್ತದೆ. ಹೊರಗಡೆ ಗಟ್ಟಿಯಾಗಿ ಕಾಣುವಷ್ಟರಲ್ಲಿ ನಡುವಿನ ಗಂಟು ಕೊಳೆತಿರುತ್ತದೆ. ಥಿಯೇಟರಿನಲ್ಲೇ ಗಂಟಿನ ಮೇಲೆ ಒಂದೆರಡು ಸೀಳು ಹಾಕಿ ಮುಳುಗಿಸಿದ್ದರೆ ಸಾಕಿತ್ತು. ಶನಿವಾರ ಸಂಜೆ ಆಪರೇಷನ್ ಆಗಿ, ಸೋಮವಾರ ಹಬ್ಬದ ರಜೆ ಇದ್ದರೆ ಮಂಗಳವಾರ ಡಬ್ಬಿ ಕೈಗೆ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಆ ಬಿಸಿಲಲ್ಲಿ ಬಸ್ಸಿನ ಡಿಕ್ಕಿಯಲ್ಲಿ ತುಣುಕಿನ ಡಬ್ಬಿ ಪ್ರಯಾಣ ಮಾಡಿರುತ್ತದೆ.

ಇಆರ್, ಹರ್‌2ನಂತಹ ಪ್ರೋಟೀನ್ ಇರುವ ಕಡೆ ಮಾತ್ರ ಬಣ್ಣ ಹಿಡಿಯುವ ಪರೀಕ್ಷೆಗೆ ಐಎಚ್‌ಸಿ ಎನ್ನುತ್ತಾರೆ. ಅಂಥ ತುಣುಕಿನ ಮೇಲೆ ಐಎಚ್‌ಸಿ ಬಣ್ಣ ಹಾಕಿದರೆ ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಿಡಿಯದಿದ್ದರೆ ಅದು ‘ನೆಗೆಟಿವ್’. ಗಂಟಿನಲ್ಲಿ ಇಆರ್ ಇರಲಿಲ್ಲವೋ, ಇದ್ದದ್ದು ಡಬ್ಬಿಯಲ್ಲಿ ನಾಶವಾಯಿತೋ ಸ್ಲೈಡ್ ಹೇಳುವುದಿಲ್ಲ. ನುರಿತ ಪ್ಯಾಥಾಲಜಿಸ್ಟ್ ಪಕ್ಕದ ಆರೋಗ್ಯವಂತ ಅಂಗಾಂಶ ಬಣ್ಣ ಹಿಡಿದಿದೆಯಾ ಎಂದು ನೋಡುತ್ತಾರೆ. ಅದೂ ಹಿಡಿಯದಿದ್ದರೆ ಅನುಮಾನ ಪಡುತ್ತಾರೆ. ಆದರೆ ಮತ್ತೆ ಬಯಾಪ್ಸಿ ಮಾಡಿ ಎಂದು ಹೇಳುವಷ್ಟರಲ್ಲಿ ರೋಗಿ ಬೇರೆ ಊರಿಗೆ ಹೋಗಿಯಾಗಿರುತ್ತದೆ.

ಸಚಿವರೇ, ಇದಕ್ಕೆ ಕೋಟಿ ರೂಪಾಯಿ ಬೇಡ. ಜಿಲ್ಲೆಯ ಪ್ರತಿ ಆಪರೇಷನ್ ಥಿಯೇಟರಿಗೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಸರಿಯಾಗಿ ತಯಾರಿಸಿದ ಫಾರ್ಮಲಿನ್ ಮತ್ತು ಅಗಲ ಬಾಯಿಯ ಡಬ್ಬಿ ಜಿಲ್ಲಾ ಆಸ್ಪತ್ರೆಯಿಂದಲೇ ಹೋಗಲಿ. ಡಬ್ಬಿಯ ಮೇಲೆ ಎರಡು ಸಮಯ ಬರೆಯುವುದು ಕಡ್ಡಾಯವಾಗಲಿ: ಗಂಟು ತೆಗೆದದ್ದು ಎಷ್ಟು ಗಂಟೆಗೆ, ಫಾರ್ಮಲಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ. ಆ ಎರಡೂ ಸಮಯ ರಿಪೋರ್ಟಿನಲ್ಲೂ ಅಚ್ಚಾಗಲಿ. ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ ಇದು.

ಈ ಭಾಗದ ಸರ್ಜನ್ ಸಾಹೇಬರಿಗೂ ಇಲ್ಲೇ ಒಂದು ಮಾತು. ನಿಮ್ಮ ಕೈಗುಣದ ಬಗ್ಗೆ ನನಗೆ ತುಂಬ ಗೌರವ ಇದೆ. ನೀವು ಮೂರು ತಾಸು ನಿಂತು ತೆಗೆದ ಗಂಟನ್ನು ಕೊನೆಗೆ ಡಬ್ಬಿಗೆ ಹಾಕುವವರು ವಾರ್ಡ್‌ಬಾಯ್ ಅಥವಾ ಸಿಸ್ಟರ್. ಅವರಿಗೆ ಯಾಕೆ ಅವಸರ ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ದಯವಿಟ್ಟು ಒಂದು ಸಲ ಕೂರಿಸಿ ಹೇಳಿ.

ಇನ್ನು ಹರ್‌2 ವಿಷಯ. ಐಎಚ್‌ಸಿಯಲ್ಲಿ 0, 1+, 2+, 3+ ಎಂದು ಅಂಕ ಕೊಡುತ್ತಾರೆ. 3+ ಬಂದರೆ ಪಾಸಿಟಿವ್. 2+ ಬಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಆಗ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು. ಹರ್‌2 ಜೀನಿನ ಪ್ರತಿಗಳು ಎಷ್ಟಾಗಿವೆ ಎಂದು ಅದರಲ್ಲಿ ನೇರವಾಗಿ ಎಣಿಸುತ್ತಾರೆ. ನಮ್ಮ ಕಡೆ ಜನ ಅಲೆಯುವುದು ಈ ಹಂತದಲ್ಲಿ. ‘ಅಕ್ಕಾರ, ನಮ್ಮ ಅವ್ವಂದು ಬ್ಲಾಕ್ ಕೊಡ್ರಿ, ಬೆಂಗಳೂರಾಗ ಕೇಳ್ಯಾರ್ರೀ’ ಎಂದು ಮಗ ಬಂದು ನಿಲ್ಲುತ್ತಾನೆ. ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬ್ಲಾಕ್ ಹಾಕಿ ಕೊಡುತ್ತೇವೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರು, ಹುಬ್ಬಳ್ಳಿ, ಮೀರಜ್, ಸೊಲ್ಲಾಪುರ ಎಂದು ಸುತ್ತುತ್ತಾನೆ. ಬಿಸಿಲಲ್ಲಿ ಮೇಣ ಮೆತ್ತಗಾಗುತ್ತದೆ. ಕೆಲವರು ಕಳೆದುಕೊಳ್ಳುತ್ತಾರೆ. ಬ್ಲಾಕ್ ಕಳೆದರೆ ಆ ಗಂಟಿನ ಬಗ್ಗೆ ಮುಂದೆ ಏನನ್ನೂ ಕೇಳಲಾಗುವುದಿಲ್ಲ.

ಬ್ಲಾಕನ್ನು ಸಾಗಿಸುವುದು ಸರ್ಕಾರದ ಕೆಲಸ ಆಗಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗೆ ಸೇರಿ ಒಂದು ಕಡೆ ಫಿಶ್ ಪರೀಕ್ಷೆ ನಡೆಯಲಿ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಆಗಬಹುದು. ಅಲ್ಲಿ ಆಗುವವರೆಗೆ, ಈಗಾಗಲೇ ಸೌಲಭ್ಯ ಇರುವ ಆಸ್ಪತ್ರೆಗಳ ಜೊತೆ ದರ ಮಾತಾಡಿಕೊಂಡು ಒಪ್ಪಂದ ಮಾಡಿಕೊಳ್ಳಿ. ಪ್ರತಿ ವಾರ ನಿಗದಿತ ದಿನ ಬ್ಲಾಕ್ ಹೋಗಲಿ, ರಿಪೋರ್ಟ್ ಮೊಬೈಲಿಗೆ ಬರಲಿ. ರೋಗಿ ಮನೆಯಲ್ಲಿರಲಿ.

ಈಗ ರಕ್ತದ ಕ್ಯಾನ್ಸರ್ ಬಗ್ಗೆ. ಇದನ್ನು ಸ್ವಲ್ಪ ಹೆಚ್ಚು ಹೊತ್ತು ಕೇಳಬೇಕೆಂದು ವಿನಂತಿ. ಸರ್ಕಾರಕ್ಕೆ ಬಹಳ ಬೇಗ ಸಾಧ್ಯವಾಗುವ ಕೆಲಸ ಇಲ್ಲಿದೆ.

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ. ಅದರಲ್ಲಿ 9 ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟುತ್ತದೆ. ರೋಗ ನಡೆಸುವುದು ಅದೇ. ಅದನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಕೊಡಲು ಒಪ್ಪಲಿಲ್ಲ. ಹಾಗಾಗಿ ಅಗ್ಗದ ಜೆನೆರಿಕ್ ಮಾತ್ರೆ ಬಡವರ ಕೈಗೆ ಸಿಗುವಂತೆ ಉಳಿಯಿತು. ಇವತ್ತು ಈ ಮಾತ್ರೆ ತಪ್ಪದೆ ತೆಗೆದುಕೊಳ್ಳುವ ಬಹಳಷ್ಟು ಜನ ಎಲ್ಲರಂತೆ ದುಡಿದು ಬದುಕುತ್ತಿದ್ದಾರೆ. ಹೊಲ ಮಾಡುತ್ತಾರೆ, ಅಂಗಡಿ ನಡೆಸುತ್ತಾರೆ.

ಆದರೆ ಮಾತ್ರೆ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಶುರುವಿನಲ್ಲಿ ಮೂರು ತಿಂಗಳಿಗೊಮ್ಮೆ ರಕ್ತದಲ್ಲಿ ಬಿಸಿಆರ್-ಎಬಿಎಲ್ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯಬೇಕು. ಮೂರು ತಿಂಗಳಿಗೆ ಶೇಕಡಾ 10ಕ್ಕಿಂತ ಕೆಳಗೆ, ಆರು ತಿಂಗಳಿಗೆ 1ಕ್ಕಿಂತ ಕೆಳಗೆ, ಒಂದು ವರ್ಷಕ್ಕೆ 0.1 ಅಥವಾ ಅದಕ್ಕೂ ಕಡಿಮೆ ಬಂದರೆ ದಾರಿ ಸರಿ ಇದೆ. ಇಳಿಯದಿದ್ದರೆ, ಅಥವಾ ಇಳಿದು ಮತ್ತೆ ಏರಿದರೆ, ಮಾತ್ರೆ ಬಿಟ್ಟಿದ್ದಾರಾ ಎಂದು ಕೇಳಬೇಕು, ಇಲ್ಲವಾದರೆ ಔಷಧಿ ಬದಲಿಸಬೇಕು. ಬರೀ ರಕ್ತಕಣಗಳ ಎಣಿಕೆ ನೋಡಿದರೆ ಇದು ಗೊತ್ತಾಗುವುದಿಲ್ಲ. ಎಣಿಕೆ ಚೆನ್ನಾಗಿರುವಾಗಲೇ ಒಳಗೆ ರೋಗ ತಲೆ ಎತ್ತುತ್ತಿರುತ್ತದೆ.

‘ಗುಳಿಗಿ ಸಿಗತಾವ್ರಿ, ಟೆಸ್ಟಿಗೆ ಹೋಗೂದ ತ್ರಾಸ’ ಎಂದು ಬಾಗಲಕೋಟೆ ಕಡೆಯ ಒಬ್ಬ ಕಬ್ಬು ಕಡಿಯುವ ಅಣ್ಣ ನನಗೆ ಹೇಳಿದರು. ಸೀಸನ್ ಬಿಟ್ಟು ಪರೀಕ್ಷೆಗೆ ಹೋದರೆ ಕೂಲಿ ಹೋಗುತ್ತದೆ, ಗುಂಪಿನಿಂದಲೂ ಹೊರಗೆ. ಅವರು ಪರೀಕ್ಷೆ ಬಿಡುತ್ತಾರೆ. ಮಾತ್ರೆ ಮಾತ್ರ ನುಂಗುತ್ತಾ ಇರುತ್ತಾರೆ. ಬರೀ ರಕ್ತ ಕಳಿಸೋಣ ಅಂದರೆ ಅದೂ ಸುಲಭ ಅಲ್ಲ. ಆರ್‌ಎನ್‌ಎ ಬೇಗ ಒಡೆಯುತ್ತದೆ. ತಂಪಿನಲ್ಲಿಟ್ಟು ಒಂದೆರಡು ದಿನದೊಳಗೆ ಲ್ಯಾಬ್ ಮುಟ್ಟಬೇಕು.

ಪರೀಕ್ಷೆ ಇಲ್ಲೇ ಯಾಕೆ ಆಗಬಾರದು? 2020ರಲ್ಲಿ ಕೋವಿಡ್ ಬಂದಾಗ ಆರ್‌ಟಿ-ಪಿಸಿಆರ್ ಎಂಬ ಪದ ತಾಂಡಾದಿಂದ ಪೇಟೆಯವರೆಗೆ ಎಲ್ಲರ ಬಾಯಿಗೆ ಬಂತು. ಕೊರೊನಾ ವೈರಸ್ಸಿನ ಆರ್‌ಎನ್‌ಎ ಹುಡುಕುವ ವಿಧಾನ ಅದು. ಬಿಸಿಆರ್-ಎಬಿಎಲ್ ಅಳೆಯುವುದೂ ಅದೇ ವಿಧಾನದಲ್ಲಿ. ಬೆಳಗಾವಿಯ ಐಸಿಎಂಆರ್ ಸಂಸ್ಥೆಯಲ್ಲಿ, ನಮ್ಮ ಜಿಲ್ಲೆಗಳಲ್ಲಿ ಆಗ ಹಗಲು-ರಾತ್ರಿ ಈ ಪರೀಕ್ಷೆ ನಡೆಯಿತು. ಹುಡುಗ-ಹುಡುಗಿಯರು ಪಿಪಿಇ ಕಿಟ್ ಹಾಕಿಕೊಂಡು ಬೆವರಿನಲ್ಲಿ ತೊಯ್ದು ಕಲಿತರು. ಆ ಕೈಗಳು ಇನ್ನೂ ನಮ್ಮ ನಡುವೆ ಇವೆ. ಮಷಿನ್‌ಗಳೂ ಇವೆ.

ಇನ್ನೊಂದು ದಾರಿಯೂ ಇದೆ. ಜಿಲ್ಲಾ ಕ್ಷಯರೋಗ ಕೇಂದ್ರದಲ್ಲಿ ಸಿಬಿ-ನ್ಯಾಟ್ ಎಂದು ಕರೆಯುವ ಜೀನ್‌ಎಕ್ಸ್‌ಪರ್ಟ್ ಮಷಿನ್ ಇದೆ. ಟಿಬಿಗೆ ಒಂದು ಕಾರ್ಟ್ರಿಡ್ಜ್, ಕೋವಿಡ್‌ಗೆ ಇನ್ನೊಂದು ಕಾರ್ಟ್ರಿಡ್ಜ್ ಹಾಕಿ ಬಳಸಿದ್ದೇವೆ. ಅದೇ ಕಂಪನಿ ಬಿಸಿಆರ್-ಎಬಿಎಲ್ ಅಳೆಯುವ ಕಾರ್ಟ್ರಿಡ್ಜ್ ಕೂಡ ಮಾಡುತ್ತದೆ. ಸುಮಾರು ಎರಡು ತಾಸಿನಲ್ಲಿ ಫಲಿತಾಂಶ ಬರುತ್ತದೆ. ಸ್ತನದ ಗಂಟಿನ ಮೇಣದ ಬ್ಲಾಕಿನಿಂದಲೇ ಇಆರ್, ಪಿಆರ್, ಹರ್‌2, ಜೀವಕೋಶ ಎಷ್ಟು ಬೇಗ ಹೆಚ್ಚುತ್ತಿದೆ ಎಂದು ತೋರಿಸುವ ಕೆಐ67 ಈ ನಾಲ್ಕರ ಆರ್‌ಎನ್‌ಎ ಅಳೆಯುವ ಕಾರ್ಟ್ರಿಡ್ಜ್ ಕೂಡ ಅದೇ ಕಂಪನಿಯದು ಇದೆ. ಇದನ್ನು ಮೊದಲು ನಮ್ಮ ಲ್ಯಾಬುಗಳಲ್ಲಿ ಐಎಚ್‌ಸಿ ಜೊತೆ ಹೋಲಿಸಿ ನೋಡಿ, ತಜ್ಞರು ಒಪ್ಪಿದ ಮೇಲೆ ಬಳಸಬೇಕು. ಟಿಬಿ ರೋಗಿಗಳ ಪಾಳಿಗೆ ತೊಂದರೆ ಆಗಬಾರದು, ಅದು ಮೊದಲ ಷರತ್ತು. ವಾರದಲ್ಲಿ ಒಂದು ದಿನ ಸಿಎಂಎಲ್ ರೋಗಿಗಳಿಗೆ ಎಂದು ಗೊತ್ತು ಮಾಡಿದರೆ ಒಂದು ಜಿಲ್ಲೆಗೆ ಸಾಕಾಗುತ್ತದೆ ಎಂಬುದು ನನ್ನ ಅಂದಾಜು.

ದುಬಾರಿ ಪರೀಕ್ಷೆಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಆಂಕೋಟೈಪ್ ಡಿಎಕ್ಸ್ ಎಂಬುದು 21 ಜೀನ್‌ಗಳ ಆರ್‌ಎನ್‌ಎ ಅಳೆದು ರೋಗ ಮರಳಿ ಬರುವ ಸಾಧ್ಯತೆಗೆ ಅಂಕ ಕೊಡುತ್ತದೆ. ಮಮ್ಮಾಪ್ರಿಂಟ್ 70 ಜೀನ್ ನೋಡುತ್ತದೆ. 2018ರಲ್ಲಿ ಪ್ರಕಟವಾದ ಟೈಲರ್‌ಎಕ್ಸ್ ಅಧ್ಯಯನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಸೇರಿದ್ದರು. ಹಾರ್ಮೋನ್ ಪಾಸಿಟಿವ್, ಹರ್‌2 ನೆಗೆಟಿವ್, ಕಂಕುಳ ಗ್ರಂಥಿಗೆ ಹರಡದ ಕ್ಯಾನ್ಸರ್ ಇದ್ದು, 50 ದಾಟಿದ, ಅಂಕ 25ರವರೆಗೆ ಇರುವ ಮಹಿಳೆಯರಿಗೆ ಕೀಮೋದಿಂದ ಹೆಚ್ಚಿನ ಲಾಭ ಇಲ್ಲ ಎಂದು ಅದು ತೋರಿಸಿತು. ಎಷ್ಟೋ ಜನರ ಕೂದಲು ಉಳಿಯಿತು, ವಾಂತಿ, ಸಾಲ ತಪ್ಪಿತು. ಇದು ದೊಡ್ಡ ಸಾಧನೆ. ಆದರೆ ಪರೀಕ್ಷೆಗೆ ಲಕ್ಷಗಟ್ಟಲೆ ರೂಪಾಯಿ. ನಮ್ಮಲ್ಲಿ ಬರುವವರಲ್ಲಿ ಚಿಕ್ಕ ವಯಸ್ಸಿನವರು, ಗಂಟು ದೊಡ್ಡದಾದ ಮೇಲೆ ಬರುವವರು ಜಾಸ್ತಿ. ಅವರಿಗೆ ಈ ಅಂಕದಿಂದ ಆಗುವ ಉಪಯೋಗ ಕಡಿಮೆ. ಬೆಂಗಳೂರಿನಲ್ಲೇ ರೂಪಿಸಿದ, ಐಎಚ್‌ಸಿ ಆಧಾರದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಎಂಬ ಪರೀಕ್ಷೆಯೂ ಇದೆ. ಇಂಥವನ್ನು ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಸೇರಿಸಬೇಕೇ ಎಂದು ಕಿದ್ವಾಯಿ ತಜ್ಞರು ಕೂತು ನೋಡಲಿ. ನನ್ನ ಪ್ರಕಾರ ನಮ್ಮ ಮೂರು ಜಿಲ್ಲೆಗಳ ಮೊದಲ ರೂಪಾಯಿ ಫಾರ್ಮಲಿನ್‌ಗೆ, ಎರಡನೆಯದು ಐಎಚ್‌ಸಿಗೆ, ಮೂರನೆಯದು ಬಿಸಿಆರ್-ಎಬಿಎಲ್‌ಗೆ ಹೋಗಬೇಕು.

ದುಡ್ಡಿನ ಮಾತು ಬಂತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆ ಪಟ್ಟಿಯಲ್ಲಿ ಇಆರ್-ಪಿಆರ್-ಹರ್‌2, ಫಿಶ್, ಬಿಸಿಆರ್-ಎಬಿಎಲ್ ಪರೀಕ್ಷೆಗಳು ಪ್ರತ್ಯೇಕ ಹೆಸರು, ಪ್ರತ್ಯೇಕ ದರದ ಜೊತೆ ಇರಲಿ. ಚಿಕಿತ್ಸೆ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ ನಡೆದರೂ ಲ್ಯಾಬಿಗೆ ಹಣ ಸೇರುವಂತಾಗಲಿ. ಡೇ ಕೇರ್ ಕೇಂದ್ರದಲ್ಲಿ ಸ್ತನ ಕ್ಯಾನ್ಸರ್ ರೋಗಿಯ ಫೈಲ್ ತೆರೆಯುವಾಗ ಇಆರ್, ಪಿಆರ್, ಹರ್‌2 ಈ ಮೂರರ ರಿಪೋರ್ಟ್ ಇದೆಯಾ ಎಂದು ಕೇಳುವ ಒಂದು ಸಾಲು ಇರಲಿ. ಇಲ್ಲದಿದ್ದರೆ ಅವರನ್ನು ವಾಪಸ್ ಕಳಿಸಬಾರದು, ಪರೀಕ್ಷೆಗೆ ಅಲ್ಲಿಂದಲೇ ಕಳಿಸಬೇಕು. ಹಾಗೆಯೇ ಐಎಚ್‌ಸಿ ಮಾಡುವ ಪ್ರತಿ ಲ್ಯಾಬ್ ಹೊರಗಿನ ಗುಣಮಟ್ಟದ ಪರಿಶೀಲನೆಗೆ ಒಳಪಡಲಿ, ನಾವು ಕೆಲಸ ಮಾಡುವ ಲ್ಯಾಬೂ ಸೇರಿ.

ಓದುತ್ತಿರುವ ರೋಗಿಗಳ ಮನೆಯವರೇ, ರಿಪೋರ್ಟಿನಲ್ಲಿ ‘ಕ್ಯಾನ್ಸರ್ ಇದೆ’ ಎಂದಷ್ಟೇ ಓದಿ ಮಡಚಿಡಬೇಡಿ. ಇಆರ್ ಎಷ್ಟು ಪರ್ಸೆಂಟ್, ಹರ್‌2 ಅಂಕ ಎಷ್ಟು ಎಂದು ಡಾಕ್ಟರನ್ನು ಕೇಳಿ. 2+ ಇದ್ದರೆ ಫಿಶ್ ಆಗಿದೆಯಾ ಎಂದು ಕೇಳಿ. ಬ್ಲಾಕ್ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಕೈಗೆ ಕೊಟ್ಟರೆ ಬಿಸಿಲಿಗೆ ಇಡಬೇಡಿ, ಕೆಲಸ ಮುಗಿದ ಮೇಲೆ ಲ್ಯಾಬಿಗೆ ಮರಳಿಸಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಸಚಿವರೇ, ಕೊನೆಯದಾಗಿ ಒಂದು ಬೇಡಿಕೆ. ಮೂರು ಜಿಲ್ಲೆಗಳ ಪ್ಯಾಥಾಲಜಿಸ್ಟ್‌ಗಳು, ಸರ್ಜನ್‌ಗಳು, ಜಿಲ್ಲಾ ಕ್ಷಯರೋಗ ಅಧಿಕಾರಿಗಳು, ಡೇ ಕೇರ್ ಕೇಂದ್ರದ ಡಾಕ್ಟರುಗಳು ಇವರನ್ನೆಲ್ಲ ಸೇರಿಸಿ ಒಂದು ದಿನದ ಸಭೆ ಕರೆಯಿರಿ. ಮುಂದಿನ ಬಜೆಟ್ ತಯಾರಿಗೆ ಮೊದಲೇ ಆಗಲಿ. ಥಿಯೇಟರ್ ಸಿಸ್ಟರ್‌ಗಳನ್ನೂ, ನಮ್ಮಂಥ ಟೆಕ್ನಿಷಿಯನ್‌ಗಳನ್ನೂ ಕರೆಯಿರಿ. ಡಬ್ಬಿ ಮುಟ್ಟುವವರು ನಾವು.

ವಂದನೆಗಳೊಂದಿಗೆ,

ಒಬ್ಬ ಪ್ಯಾಥಾಲಜಿ ಲ್ಯಾಬ್ ಟೆಕ್ನಿಷಿಯನ್
ವಿಜಯಪುರ